ಹಳೆಯ ಜೀಪಿಗೆ ಹೊಸ ಮೀಟರ್: ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹೊತ್ತಿಕೊಳ್ಳುವುದು ಎಂಜಿನ್ನಿನ ಎಣ್ಣೆಯ ಒತ್ತಡ ಸುಮಾರು 5ರಿಂದ 7 ಪಿಎಸ್ಐಗೆ (ಚದರ ಇಂಚಿಗೆ ಪೌಂಡ್ ಲೆಕ್ಕ) ಇಳಿದ ಮೇಲೆ. ಚೆನ್ನಾಗಿರುವ ಡೀಸೆಲ್ ಎಂಜಿನ್ ಬಿಸಿಯಾಗಿ ಘಾಟಿ ಹತ್ತುತ್ತಿರುವಾಗ ಒತ್ತಡ ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ 7ರವರೆಗೆ ಕುಸಿಯುತ್ತಾ ಬಂದ ಅಷ್ಟೂ ಹೊತ್ತು ದೀಪ ಏನನ್ನೂ ಹೇಳುವುದಿಲ್ಲ. ಹೇಳುವ ಹೊತ್ತಿಗೆ ಬೇರಿಂಗುಗಳು ಒಣಗಿ ಉಜ್ಜಲು ಶುರುವಾಗಿರುತ್ತದೆ. ಕ್ರ್ಯಾಂಕ್ ಶಾಫ್ಟ್ ಬಿಚ್ಚಿ ಗ್ರೈಂಡಿಂಗಿಗೆ ಕಳುಹಿಸುವ ಖರ್ಚಿನ ಮುಂದೆ ಒಂದು ಆಯಿಲ್ ಮೀಟರಿನ ಬೆಲೆ ಲೆಕ್ಕಕ್ಕೇ ಇಲ್ಲ. ಹಳೆಯ ಗಾಡಿಗೆ ಮೀಟರ್ ಹಾಕಿಸುವುದು ಅಲಂಕಾರದ ಮಾತಲ್ಲ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದೇ ಕಾರಣಕ್ಕೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಮಡಿಕೇರಿ ಕಡೆಯ ಕಾಫಿ ತೋಟಗಳಲ್ಲಿ ಮಹೀಂದ್ರ ಜೀಪುಗಳು ಇಂದಿಗೂ ದುಡಿಯುತ್ತಿವೆ. ಪ್ಯೂಜೋ ಎಂಜಿನ್ನಿನ ಎಂಎಂ 540, ಆಮೇಲೆ ಬಂದ ಮೇಜರ್, ಅವಕ್ಕೂ ಹಳೆಯ ಸಿಜೆ ಮಾದರಿಗಳು. ಎಂಜಿನ್ ಸರಿಯಾಗಿ ನೋಡಿಕೊಂಡರೆ ಇನ್ನೂ ಹತ್ತಾರು ವರ್ಷ ಓಡುವ ಗಾಡಿಗಳಿವು. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಡ್ಯಾಶ್‌ಬೋರ್ಡ್ ನೋಡಿದರೆ ಸಂಕಟವಾಗುತ್ತದೆ. ಗಾಜಿನೊಳಗೆ ಮಳೆನೀರು ಇಳಿದು ಡಯಲ್ ಹಳದಿಯಾಗಿದೆ, ಟೆಂಪರೇಚರ್ ಮುಳ್ಳು ಯಾವಾಗಲೋ ಸತ್ತಿದೆ, ಡೀಸೆಲ್ ಎಷ್ಟಿದೆ ಎಂದು ತಿಳಿಯಲು ಟ್ಯಾಂಕಿಗೆ ಕಡ್ಡಿ ಇಳಿಸಬೇಕು. ಮಾಲೀಕರು ಫೋನಿನಲ್ಲಿ ಹುಡುಕಿದರೆ ಹೊಳೆಯುವ ಮೂರು ಮೀಟರ್‌ಗಳ ಸೆಟ್ ಕಾಣುತ್ತದೆ, ಬೆಲೆಯೂ ಕಡಿಮೆ. ತರಿಸಿ ಹಾಕಿಸುತ್ತಾರೆ. ಎಂಜಿನ್ ತಣ್ಣಗಿರುವಾಗಲೇ ಮುಳ್ಳು ನೂರರ ಮೇಲೆ ನಿಲ್ಲುತ್ತದೆ. ತಪ್ಪು ಮೀಟರಿನದು ಎಂದು ಬೈದು ಎತ್ತಿಡುತ್ತಾರೆ. ಬಹುತೇಕ ಸಲ ಮೀಟರ್ ಸರಿಯಾಗಿಯೇ ಇರುತ್ತದೆ. ಅದಕ್ಕೆ ಜೋಡಿಸಿದ ಸೆನ್ಸರ್ ಅದರದ್ದಲ್ಲ, ಅಷ್ಟೇ.

ಮೊದಲು ಯಾವ ಮೀಟರ್

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೂರನ್ನು ಮಾತ್ರ ಹಾಕಿಸಬೇಕು: ಎಂಜಿನ್ ನೀರಿನ ಟೆಂಪರೇಚರ್, ಎಣ್ಣೆಯ ಒತ್ತಡ, ಬ್ಯಾಟರಿ ವೋಲ್ಟ್. ಘಾಟಿ ರಸ್ತೆಯ ಗಾಡಿಯಾದರೆ ಇದೇ ಕ್ರಮದಲ್ಲಿ.

ಟೆಂಪರೇಚರ್ ಮೊದಲು ಏಕೆಂದರೆ ನೀರು ಕಾಯುವುದು ನಿಧಾನವಾಗಿ, ಹಾನಿಯಾಗುವುದು ಥಟ್ಟನೆ. ರೇಡಿಯೇಟರಿಗೆ ನೀರು ಬಿಡುವ ಕವಾಟವಾದ ಥರ್ಮೋಸ್ಟಾಟ್ ಸಾಮಾನ್ಯವಾಗಿ 82 ಡಿಗ್ರಿಯ ಸುತ್ತಮುತ್ತ ತೆರೆಯುತ್ತದೆ, ಓಡುವ ಎಂಜಿನ್ 80ರಿಂದ 95 ಡಿಗ್ರಿಯೊಳಗೆ ನೆಲೆಸುತ್ತದೆ. 100 ದಾಟಿ ಏರುತ್ತಲೇ ಇದ್ದರೆ ಚಾಲಕನಿಗೆ ಕೆಲವು ನಿಮಿಷಗಳ ಅವಕಾಶ ಸಿಗುತ್ತದೆ. ಅಷ್ಟರಲ್ಲಿ ಗಾಡಿ ನಿಲ್ಲಿಸಿದರೆ ಸೋರುವ ಹೋಸ್ ಪೈಪ್ ಬದಲಿಸಿ ಮುಂದೆ ಹೋಗಬಹುದು. ನಿಲ್ಲಿಸದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಾಗುತ್ತದೆ.

ವೋಲ್ಟ್ ಮೀಟರನ್ನು ಹಲವರು ಕಡೆಗಣಿಸುತ್ತಾರೆ. ನಿಲ್ಲಿಸಲು ಗುಂಡಿ ಎಳೆಯಬೇಕಾದ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸತ್ತರೂ ಗೊತ್ತಾಗುವುದಿಲ್ಲ. ಸಂಜೆ ಹೆಡ್‌ಲೈಟ್ ಮಂಕಾದಾಗಲೋ ಮರುದಿನ ಬೆಳಗ್ಗೆ ಸೆಲ್ಫ್ ತಿರುಗದಿದ್ದಾಗಲೋ ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, ಎಂಜಿನ್ ಓಡುತ್ತಿರುವಾಗ 13.8ರಿಂದ 14.5. ಓಡುವಾಗಲೂ 12.5ರ ಕೆಳಗೇ ಇದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ. ಇಷ್ಟನ್ನು ಹೇಳುವ ಮೀಟರಿಗೆ ಸೆನ್ಸರೇ ಬೇಕಿಲ್ಲ, ಎರಡು ತಂತಿ ಸಾಕು. ತೀರಾ ಅಗ್ಗದ ಡಿಜಿಟಲ್ ವೋಲ್ಟ್ ಮೀಟರನ್ನೂ ಮಲ್ಟಿಮೀಟರಿನ ಜೊತೆ ಒಮ್ಮೆ ತಾಳೆ ನೋಡಿ ಧೈರ್ಯವಾಗಿ ಬಳಸಬಹುದು. ಅಗ್ಗದ ವಸ್ತುವನ್ನು ನಾನು ಕಣ್ಣುಮುಚ್ಚಿ ಒಪ್ಪುವುದು ಈ ಒಂದು ಜಾಗದಲ್ಲಿ ಮಾತ್ರ.

ಡಯಲ್ ನೋಡಿ ಮರುಳಾಗಬಾರದು

ವಿದ್ಯುತ್ತಿನಿಂದ ಕೆಲಸ ಮಾಡುವ ಮೀಟರಿಗೆ ಶಾಖವೂ ಗೊತ್ತಿಲ್ಲ, ಒತ್ತಡವೂ ಗೊತ್ತಿಲ್ಲ, ಡೀಸೆಲ್ ಮಟ್ಟವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸೆನ್ಸರಿನ ಮೂಲಕ ಎಷ್ಟು ವಿದ್ಯುತ್ ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ ಹರಿಯುತ್ತಿದೆ ಎಂಬುದಷ್ಟೇ. ಸೆನ್ಸರಿನೊಳಗೆ ಒಂದು ಪ್ರತಿರೋಧವಿದೆ. ಶಾಖ, ಒತ್ತಡ ಅಥವಾ ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಬದಲಾದಂತೆ ಅದರ ಅಳತೆಯಾದ ಓಮ್ ಬದಲಾಗುತ್ತದೆ, ಮುಳ್ಳು ಅದಕ್ಕೆ ತಕ್ಕಂತೆ ಸರಿಯುತ್ತದೆ. ಎಷ್ಟು ಓಮ್ ಬಂದರೆ ಮುಳ್ಳು ಎಲ್ಲಿ ನಿಲ್ಲಬೇಕು ಎಂಬುದನ್ನು ತಯಾರಕರು ತಮ್ಮ ತಮ್ಮಲ್ಲೇ ತೀರ್ಮಾನಿಸಿಕೊಂಡಿದ್ದಾರೆ. ಪ್ರಪಂಚಕ್ಕೆಲ್ಲ ಒಂದೇ ಅಳತೆ ಎಂಬುದಿಲ್ಲ.

ಫ್ಯೂಯಲ್ ಮೀಟರನ್ನೇ ನೋಡಿ. ಜರ್ಮನಿಯ ವಿಡಿಒ ಕಂಪನಿ ಬಳಕೆಗೆ ತಂದ ಅಳತೆಯಲ್ಲಿ ಖಾಲಿ ಟ್ಯಾಂಕಿಗೆ 10 ಓಮ್, ತುಂಬಿದ ಟ್ಯಾಂಕಿಗೆ 180 ಓಮ್. ಅಮೆರಿಕದಲ್ಲಿ ಬಿಡಿ ಮೀಟರುಗಳಿಗೆ ರೂಢಿಯಲ್ಲಿರುವ ಇನ್ನೊಂದು ಅಳತೆಯಲ್ಲಿ ಖಾಲಿಗೆ 240, ತುಂಬಿದರೆ 33. ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಬಹುಕಾಲ ಇದ್ದದ್ದು ಖಾಲಿಗೆ 0, ತುಂಬಿದರೆ 90. ಈಗ 240ರಿಂದ 33ರ ಫ್ಲೋಟ್ ಇರುವ ಟ್ಯಾಂಕಿಗೆ 10ರಿಂದ 180ರ ಮೀಟರ್ ಜೋಡಿಸಿದರೆ ಏನಾಗುತ್ತದೆ? ಟ್ಯಾಂಕ್ ಬತ್ತಿದಾಗ ಫ್ಲೋಟ್ 240 ಓಮ್ ಕೊಡುತ್ತದೆ. ಮೀಟರಿನ ಲೆಕ್ಕದಲ್ಲಿ ಅದು ತುಂಬಿದ್ದಕ್ಕಿಂತ ಹೆಚ್ಚು, ಮುಳ್ಳು ಬಲಗಡೆಯ ತುದಿಗೆ ಹೋಗಿ ಒತ್ತಿ ನಿಲ್ಲುತ್ತದೆ. ಟ್ಯಾಂಕ್ ತುಂಬಿಸಿದರೆ 33 ಓಮ್, ಮುಳ್ಳು ಖಾಲಿಯ ಹತ್ತಿರಕ್ಕೆ ಇಳಿಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಹೊಚ್ಚ ಹೊಸವು, ಎರಡರಲ್ಲೂ ದೋಷವಿಲ್ಲ.

ಆಯಿಲ್ ಮೀಟರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ, ಹೆಚ್ಚು ಅಪಾಯದ ಎಡವಟ್ಟೊಂದಿದೆ. ವಿಡಿಒ ಅಳತೆಯಲ್ಲಿ 5 ಬಾರ್ (ಬಾರ್ ಒತ್ತಡದ ಇನ್ನೊಂದು ಅಳತೆ) ಸೆನ್ಸರೂ ಇದೆ, 10 ಬಾರ್ ಸೆನ್ಸರೂ ಇದೆ, ಎರಡೂ ಓಡುವುದು ಸುಮಾರು 10ರಿಂದ 184 ಓಮ್ ನಡುವೆಯೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹದ ಡಬ್ಬಿ. 5 ಬಾರ್ ಮೀಟರಿಗೆ 10 ಬಾರ್ ಸೆನ್ಸರ್ ಹಾಕಿದರೆ ನಿಜವಾದ ಒತ್ತಡದ ಅರ್ಧದಷ್ಟೇ ಕಾಣುತ್ತದೆ, ಚೆನ್ನಾಗಿರುವ ಎಂಜಿನ್ನನ್ನು ಬಿಚ್ಚಿಸುವ ಮನಸ್ಸಾಗುತ್ತದೆ. ಅದಲುಬದಲಾದರೆ ಇನ್ನೂ ಕೆಟ್ಟದ್ದು: ಒತ್ತಡ ದುಪ್ಪಟ್ಟಾಗಿ ಕಾಣುತ್ತದೆ, ಸವೆದ ಎಂಜಿನ್ ಗಟ್ಟಿಮುಟ್ಟಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಸೆನ್ಸರಿನ ಷಡ್ಭುಜದ ಮೇಲೋ ಡಬ್ಬಿಯ ಅಂಚಿನಲ್ಲೋ ಬಾರ್ ಎಷ್ಟೆಂದು ಒತ್ತಿರುತ್ತಾರೆ. ಅದನ್ನು ಬೆಳಕಿಗೆ ಹಿಡಿದು ಓದಿಯೇ ದುಡ್ಡು ಕೊಡಬೇಕು. ಡಯಲ್ ಕೆಲವು ಕಂಪನಿಗಳಲ್ಲಿ ಪಿಎಸ್ಐ, ಕೆಲವುದರಲ್ಲಿ ಬಾರ್ ಅಥವಾ ಕೆಜಿ ಪ್ರತಿ ಚದರ ಸೆಂಟಿಮೀಟರ್ ತೋರಿಸುತ್ತದೆ. 1 ಬಾರ್ ಎಂದರೆ 14.5 ಪಿಎಸ್ಐ, ಕೆಜಿ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ಕೊಳ್ಳುವ ನಿಯಮ ಒಂದೇ. ಮೀಟರ್ ಮತ್ತು ಸೆನ್ಸರನ್ನು ಒಂದೇ ತಯಾರಕರಿಂದ, ಜೋಡಿಯಾಗಿ ಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಓಮ್ ಬರೆದಿಲ್ಲದ, ಸೆನ್ಸರ್ ಬಿಡಿಯಾಗಿ ಸಿಗದ ಸೆಟ್ ಎಷ್ಟೇ ಅಗ್ಗವಾದರೂ ಬೇಡ. ಡಯಲ್ ಡ್ಯಾಶ್‌ಬೋರ್ಡಿನ ನೆರಳಿನಲ್ಲಿ ಆರಾಮವಾಗಿ ಕುಳಿತಿರುತ್ತದೆ. ಕಾದ ಎಣ್ಣೆ, ಕುದಿನೀರು, ಡೀಸೆಲ್ ಎಂಜಿನ್ನಿನ ನಡುಕ ಎಲ್ಲವನ್ನೂ ತಿನ್ನುವುದು ಸೆನ್ಸರ್. ಮೊದಲು ಸಾಯುವುದೂ ಅದೇ. ಎರಡು ವರ್ಷದ ನಂತರ ಅದೊಂದು ಸಿಗದಿದ್ದರೆ ಪೂರ್ತಿ ಸೆಟ್ ಎಸೆಯಬೇಕಾಗುತ್ತದೆ.

ಕುದಿನೀರಿನ ಪರೀಕ್ಷೆ

ಹಾಕಿಸುವ ಮೊದಲು ಟೆಂಪರೇಚರ್ ಸೆನ್ಸರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು ಸೆನ್ಸರಿನ ತುದಿಯ ಟರ್ಮಿನಲ್‌ಗೂ ಇನ್ನೊಂದನ್ನು ಅದರ ಹಿತ್ತಾಳೆ ಮೈಗೂ ಕ್ಲಿಪ್ಪಿನಿಂದ ಕಚ್ಚಿಸಿ. ಟರ್ಮಿನಲ್ ಮುಳುಗದಂತೆ ಸೆನ್ಸರಿನ ತಲೆಯನ್ನು ನೀರಿನ ಪಾತ್ರೆಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿ. ವಿಡಿಒ ಅಳತೆಯ 120 ಡಿಗ್ರಿ ಸೆನ್ಸರ್ ಆದರೆ 40 ಡಿಗ್ರಿಯಲ್ಲಿ ಸುಮಾರು 290 ಓಮ್, 80 ಡಿಗ್ರಿಯಲ್ಲಿ ಸುಮಾರು 70, 100ರ ಹತ್ತಿರ 40ಕ್ಕಿಂತ ತುಸು ಕಡಿಮೆ ಕಾಣಬೇಕು. ನೀರು ಕಾದಂತೆ ಅಂಕಿ ಎಲ್ಲೂ ಹಾರದೆ, ನಿಲ್ಲದೆ ನಯವಾಗಿ ಇಳಿಯಬೇಕು. ನಡುವೆ ಥಟ್ಟನೆ ಜಿಗಿದರೆ ಆ ಸೆನ್ಸರನ್ನು ಅಂಗಡಿಗೆ ವಾಪಸ್ ಕೊಡಿ.

ಮಲೆನಾಡಿನವರು ಇಲ್ಲಿ ಒಂದು ವಿಷಯ ನೆನಪಿಡಬೇಕು. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರೆಂದರೆ 100 ಎಂದು ಲೆಕ್ಕ ಹಿಡಿದು ಸೆನ್ಸರ್ ಮೂರು ಡಿಗ್ರಿ ಕಡಿಮೆ ತೋರಿಸುತ್ತಿದೆ ಎಂದು ತಳ್ಳಿಹಾಕಬಾರದು. ಎಂಜಿನ್ನಿನೊಳಗೆ ಕಥೆ ಬೇರೆ. ಅಲ್ಲಿ ರೇಡಿಯೇಟರ್ ಕ್ಯಾಪ್ ಒತ್ತಡವನ್ನು ಹಿಡಿದಿಡುವುದರಿಂದ ನೀರು ಕುದಿಯಲು ಇನ್ನೂ 20 ಡಿಗ್ರಿಯಷ್ಟು ಕಾಯಬೇಕು. ಕ್ಯಾಪಿನ ರಬ್ಬರ್ ಹೋಗಿದ್ದರೆ ಆ ರಕ್ಷಣೆಯೂ ಹೋಯಿತು. ಹೊಸ ಮೀಟರ್ ಹಾಕಿಸುವ ದಿನವೇ ಹೊಸ ಕ್ಯಾಪ್ ಹಾಕಿಸುವುದು ಒಳ್ಳೆಯದು.

ಮೀಟರಿನ ಪರೀಕ್ಷೆಯೂ ಸುಲಭ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದೆರಡು ವ್ಯಾಟಿನ ರೆಸಿಸ್ಟರುಗಳು ಚಿಲ್ಲರೆ ದುಡ್ಡಿಗೆ ಸಿಗುತ್ತವೆ. 10ರಿಂದ 180ರ ಫ್ಯೂಯಲ್ ಮೀಟರಿಗೆ 12 ವೋಲ್ಟ್ ಕೊಟ್ಟು, ಸೆನ್ಸರ್ ತಂತಿಯ ಜಾಗ ಮತ್ತು ಅರ್ಥ್ ನಡುವೆ 10 ಓಮ್ ರೆಸಿಸ್ಟರ್ ಹಿಡಿದರೆ ಮುಳ್ಳು ಖಾಲಿಗೆ ಬರಬೇಕು. 150 ಮತ್ತು 33ರ ಎರಡನ್ನು ಸರಣಿಯಲ್ಲಿ ಸೇರಿಸಿ ಹಿಡಿದರೆ ತುಂಬಿದ ಗೆರೆಗೆ ಹೋಗಬೇಕು. ಗುಜರಿ ಅಂಗಡಿಯಲ್ಲಿ ಕೊಳ್ಳುವಾಗ ಈ ಮೂರು ರೆಸಿಸ್ಟರುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಲಾಭದ ಅಭ್ಯಾಸ.

ಕೊಳವೆಯ ಮೀಟರ್, ತಂತಿಯ ಮೀಟರ್

ಸೆನ್ಸರಿನ ತಾಪತ್ರಯವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ: ವಿದ್ಯುತ್ತೇ ಬೇಡದ ಮೆಕ್ಯಾನಿಕಲ್ ಮೀಟರ್. ಆಯಿಲ್ ಮೀಟರಿನ ಹಿಂಭಾಗದಲ್ಲಿ ಬಾಗಿದ, ಚಪ್ಪಟೆಯಾದ ಲೋಹದ ಕೊಳವೆಯೊಂದಿರುತ್ತದೆ. ಎಂಜಿನ್ನಿನಿಂದ ಸಣ್ಣ ಪೈಪಿನಲ್ಲಿ ಬಂದ ಎಣ್ಣೆ ಅದರೊಳಗೆ ಒತ್ತಿದಾಗ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವಿದು, ಇಂದಿಗೂ ಇದಕ್ಕಿಂತ ನಂಬಿಕಸ್ಥವಾದದ್ದು ಕಡಿಮೆ. ಟೆಂಪರೇಚರಿಗೂ ಇದೇ ತತ್ವ. ಎಂಜಿನ್ ನೀರಿನಲ್ಲಿ ಮುಳುಗಿರುವ ಲೋಹದ ಬಲ್ಬಿನೊಳಗಿನ ದ್ರವ ಕಾದು ಒತ್ತಡ ಹುಟ್ಟಿಸುತ್ತದೆ, ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆ ಅದನ್ನು ಡಯಲಿಗೆ ಮುಟ್ಟಿಸುತ್ತದೆ.

ಬ್ಯಾಟರಿ ಸತ್ತರೂ ಇವು ಓಡುತ್ತವೆ, ಓಮ್ ಗೊಡವೆ ಇಲ್ಲ, ಅರ್ಥ್ ಕೆಟ್ಟರೂ ಸುಳ್ಳು ಹೇಳುವುದಿಲ್ಲ. ತೋಟದ ಜೀಪಿಗೆ ಟೆಂಪರೇಚರಿನ ಮಟ್ಟಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಟೆಂಪರೇಚರ್ ಕೊಳವೆಯನ್ನು ಕತ್ತರಿಸುವಂತಿಲ್ಲ, ಜೋಡಿಸುವಂತಿಲ್ಲ, ಚೂಪಾಗಿ ಮಡಿಸುವಂತಿಲ್ಲ. ಒಮ್ಮೆ ಬಿರುಕು ಬಿಟ್ಟರೆ ಒಳಗಿನ ದ್ರವ ಹಾರಿಹೋಗಿ ಮೀಟರ್ ಕೊನೆಗಾಣುತ್ತದೆ. ಕೊಳ್ಳುವ ಮೊದಲು ಎಂಜಿನ್ನಿನ ತೂತಿನಿಂದ ಡ್ಯಾಶ್‌ಬೋರ್ಡಿನವರೆಗೆ ಕೊಳವೆ ಸಾಗುವ ದಾರಿಯನ್ನು ಹಗ್ಗದಿಂದ ಅಳೆದು, ಅದಕ್ಕಿಂತ ಒಂದಡಿ ಉದ್ದದ್ದನ್ನು ತರಬೇಕು. ಹೆಚ್ಚುವರಿ ಕೊಳವೆಯನ್ನು ಅಂಗೈಯಗಲದ ಸುರುಳಿ ಸುತ್ತಿ ಎಂಜಿನ್ ಬದಿಯಲ್ಲಿ ಬಿಟ್ಟರೆ ನಡುಕವನ್ನು ಅದು ನುಂಗಿಕೊಳ್ಳುತ್ತದೆ.

ಆಯಿಲ್ ಮೀಟರಿನ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಅದರ ಪೈಪಿನಲ್ಲಿ ಕಾದ ಎಣ್ಣೆ ಒತ್ತಡದಲ್ಲಿ ಡ್ಯಾಶ್‌ಬೋರ್ಡಿನವರೆಗೂ ಬರುತ್ತದೆ. ಅಗ್ಗದ ಸೆಟ್ಟುಗಳೊಂದಿಗೆ ಕೊಡುವ ಪ್ಲಾಸ್ಟಿಕ್ ಪೈಪ್ ಕಾವಿಗೆ ಪೆಡಸಾಗಿ ಒಡೆದರೆ ಆ ಎಣ್ಣೆ ಚಾಲಕನ ಮೊಣಕಾಲಿನ ಮೇಲೆ ಸುರಿಯುತ್ತದೆ, ಎಂಜಿನ್ ಬದಿಯಲ್ಲಿ ಒಡೆದರೆ ಸೈಲೆನ್ಸರಿನ ಕೆಂಡದಂಥ ಪೈಪಿನ ಮೇಲೆ. ಹಾಕಿಸಲೇಬೇಕೆಂದಿದ್ದರೆ ಪ್ಲಾಸ್ಟಿಕ್ ಪೈಪನ್ನು ಎಸೆದು ಲೋಹದ್ದನ್ನೋ ಹೆಣಿಗೆಯಿರುವ ಹೋಸನ್ನೋ ಹಾಕಿಸಿ, ತಗಡು ದಾಟುವ ಕಡೆ ಗ್ರೊಮೆಟ್ ಎಂಬ ರಬ್ಬರ್ ಬಳೆ ಕೂರಿಸಬೇಕು. ಇಲ್ಲವಾದರೆ ಆಯಿಲಿಗೆ ತಂತಿಯ ಮೀಟರೇ ಲೇಸು.

ಥ್ರೆಡ್ ಮತ್ತು ಅರ್ಥ್

ಸೆನ್ಸರ್ ಎಂಜಿನ್ನಿಗೆ ಕೂರುವ ಥ್ರೆಡ್ ಅಗ್ಗದ ಕೆಲಸವನ್ನು ದುಬಾರಿ ಮಾಡಬಲ್ಲದು. ಅಮೆರಿಕದ 1/8 ಎನ್‌ಪಿಟಿ ಥ್ರೆಡ್‌ನಲ್ಲಿ ಇಂಚಿಗೆ 27 ಸುತ್ತು, ಬ್ರಿಟಿಷ್ 1/8 ಬಿಎಸ್‌ಪಿಯಲ್ಲಿ 28. ಗಾತ್ರ ಹೆಚ್ಚುಕಡಿಮೆ ಒಂದೇ, ಕೋನ ಬೇರೆ: ಮೊದಲನೆಯದು 60 ಡಿಗ್ರಿ, ಎರಡನೆಯದು 55. ಎಂ10 ಅಳತೆಯ ಮೆಟ್ರಿಕ್ ಥ್ರೆಡ್ ಕೂಡ ಕಣ್ಣಿಗೆ ಇವೆರಡರಂತೆಯೇ ಕಾಣುತ್ತದೆ. ಬೇರೆಯದನ್ನು ಹಾಕಿದರೆ ಎರಡು ಮೂರು ಸುತ್ತು ಸರಾಗವಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಆಗ ಪಾನಾ ಹಾಕಿ ಒತ್ತಿದರೆ ಎಂಜಿನ್ ಬ್ಲಾಕಿನ ಥ್ರೆಡ್ ಹಾಳಾಗುತ್ತದೆ. ಕೈಯಿಂದ ಸಲೀಸಾಗಿ ನಾಲ್ಕೈದು ಸುತ್ತು ಹೋಗದ ಸೆನ್ಸರನ್ನು ಬಲವಂತದಿಂದ ತಿರುಗಿಸಲೇಬಾರದು. ಎಂಜಿನ್ನಿನಿಂದ ಬಿಚ್ಚಿದ ಹಳೆಯ ಸೆನ್ಸರನ್ನು ಲೇತ್ ಅಂಗಡಿಗೆ ಒಯ್ದರೆ ಥ್ರೆಡ್ ಗೇಜ್ ಹಿಡಿದು ಯಾವುದೆಂದು ಹೇಳುತ್ತಾರೆ, ಬೇಕಾದರೆ ಹೊಂದುವ ಅಡಾಪ್ಟರನ್ನೂ ತಿರುಗಿಸಿಕೊಡುತ್ತಾರೆ.

ಆಯಿಲ್ ಮೀಟರ್ ಹಾಕಿಸುವಾಗ ಕೆಂಪು ದೀಪವನ್ನು ತೆಗೆಸಬಾರದು. ಮೀಟರ್ ನಿಧಾನದ ಬದಲಾವಣೆಯನ್ನು ತೋರಿಸುತ್ತದೆ, ದೀಪ ಕಣ್ಣು ರಸ್ತೆಯ ಮೇಲಿದ್ದಾಗಲೂ ಕಾಣುತ್ತದೆ. ಟಿ ಆಕಾರದ ಜೋಡಣೆಯಿಂದ ಎರಡನ್ನೂ ಒಂದೇ ತೂತಿಗೆ ಸೇರಿಸಬಹುದು. ಡೀಸೆಲ್ ಎಂಜಿನ್ನಿನಲ್ಲಿ ಹಿತ್ತಾಳೆಯ ಟಿ ಮೇಲೆ ಭಾರದ ಸೆನ್ಸರ್ ನೇತಾಡಿದರೆ ನಡುಕಕ್ಕೆ ಕುತ್ತಿಗೆ ಮುರಿದು ಎಣ್ಣೆಯೆಲ್ಲ ಹೊರಗೆ ಚೆಲ್ಲುತ್ತದೆ. ಸಣ್ಣ ಹೋಸ್ ಪೈಪಿನ ಮೂಲಕ ಸೆನ್ಸರನ್ನು ಗಾಡಿಯ ಮೈಗೆ ಕಚ್ಚಿಸುವುದು ಒಳ್ಳೆಯ ಪದ್ಧತಿ. ದೀಪದ ಸ್ವಿಚ್ಚೂ ಮೀಟರಿನ ಸೆನ್ಸರೂ ಒಂದೇ ಡಬ್ಬಿಯಲ್ಲಿರುವ ಎರಡು ಟರ್ಮಿನಲ್ಲಿನ ಸೆನ್ಸರುಗಳೂ ಇವೆ. ಅವುಗಳ ಮೇಲೆ ಜಿ ಎಂದಿರುವುದು ಮೀಟರಿಗೆ, ಡಬ್ಲ್ಯುಕೆ ಎಂದಿರುವುದು ದೀಪಕ್ಕೆ.

ಒಂದೇ ತಂತಿಯ ಸೆನ್ಸರಿಗೆ ಎರಡನೆಯ ದಾರಿ ಅದರ ಮೈ, ಅಂದರೆ ಎಂಜಿನ್. ಹೋಸ್ ಮೇಲೆ ಕುಳಿತ ಸೆನ್ಸರಿಗೆ ಪ್ರತ್ಯೇಕ ಅರ್ಥ್ ತಂತಿ ಕೊಡಬೇಕು. ಥ್ರೆಡ್ಡಿಗೆ ಬಿಳಿ ಟೇಪನ್ನು ಎಗ್ಗಿಲ್ಲದೆ ಸುತ್ತಿದರೂ ಅರ್ಥ್ ದುರ್ಬಲವಾಗುತ್ತದೆ. ರೇಡಿಯೇಟರ್ ಮೇಲಿನ ಹೋಸ್ ಕತ್ತರಿಸಿ ನಡುವೆ ಸಿಕ್ಕಿಸುವ ಅಲ್ಯೂಮಿನಿಯಂ ಅಡಾಪ್ಟರಿನದ್ದೂ ಇದೇ ಗೋಳು. ಎರಡೂ ಕಡೆ ರಬ್ಬರ್ ಇರುವುದರಿಂದ ಅದಕ್ಕೆ ಅರ್ಥ್ ಇರುವುದಿಲ್ಲ. ಅದೂ ಅಲ್ಲದೆ ಆ ಜಾಗ ಥರ್ಮೋಸ್ಟಾಟಿನ ಆಚೆಗಿದೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟರೆ ಎಂಜಿನ್ ಕುದಿಯುತ್ತಿದ್ದರೂ ಅಲ್ಲಿ ನೀರು ಹರಿಯುವುದಿಲ್ಲ, ಮೀಟರ್ ತಣ್ಣಗಿದೆ ಎನ್ನುತ್ತದೆ. ಹೆಡ್ಡಿನಲ್ಲೋ ಥರ್ಮೋಸ್ಟಾಟ್ ಕೆಳಗೋ ಕಂಪನಿ ಕೊಟ್ಟ ತೂತನ್ನೇ ಬಳಸಿ.

ಅಂಬಾಸಿಡರ್‌ನಂತಹ ಬ್ರಿಟಿಷ್ ಮೂಲದ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಕೀಲಿ ತಿರುಗಿಸಿದಾಗ ಫ್ಯೂಯಲ್ ಮುಳ್ಳು ನಿಧಾನವಾಗಿ, ಕೆಲವು ಸೆಕೆಂಡು ತೆಗೆದುಕೊಂಡು ಮೇಲೇರಿದರೆ ಅದು ಕಾದು ಬಾಗುವ ಪಟ್ಟಿಯ ಹಳೆಯ ಮಾದರಿಯ ಮೀಟರ್. ಥಟ್ಟನೆ ಜಿಗಿದರೆ ಆಯಸ್ಕಾಂತದ್ದು. ಮೊದಲನೆಯ ಬಗೆಗೆ ಡ್ಯಾಶ್‌ಬೋರ್ಡಿನ ಹಿಂದೆ ಸ್ಟೆಬಿಲೈಸರ್ ಎಂಬ ಪುಟ್ಟ ಡಬ್ಬಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಫ್ಯೂಯಲ್ ಮತ್ತು ಟೆಂಪರೇಚರ್ ಎರಡೂ ಒಟ್ಟಿಗೇ ಹೆಚ್ಚು ತೋರಿಸಿದರೆ ಆ ಡಬ್ಬಿಯನ್ನೂ ಅದರ ಅರ್ಥನ್ನೂ ಮೊದಲು ನೋಡಬೇಕು, ಹೊಸ ಮೀಟರ್ ಬೇಕೇ ಆಗದಿರಬಹುದು. 12 ವೋಲ್ಟಿನಲ್ಲಿ ಓಡುವ ಹೊಸ ಮೀಟರ್ ಹಾಕುವುದಾದರೆ ಆ ಡಬ್ಬಿಯಿಂದ ಕರೆಂಟ್ ಎಳೆಯದೆ ಕೀಲಿಯ ನಂತರದ ನೇರ ತಂತಿಯಿಂದ ಕೊಡಬೇಕು. 1960ರ ದಶಕದವರೆಗಿನ ಹಲವು ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಗಾಡಿಯ ಮೈಗೆ ಜೋಡಿಸಿರುತ್ತಿತ್ತು. ಅಂಥದ್ದಕ್ಕೆ ಇಂದಿನ ಎಲೆಕ್ಟ್ರಾನಿಕ್ ಮೀಟರ್ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಆಂಪ್ ಮೀಟರಿಗೆ ವಿದಾಯ

ಹರಿಯುವ ಕರೆಂಟನ್ನು ಅಳೆಯುವ, ಹಳೆಯ ಜೀಪುಗಳ ಆಂಪ್ ಮೀಟರ್ ಬಗ್ಗೆ ಪ್ರೀತಿಯಿರುವವರು ಬಹಳ. ಆದರೂ ಅದನ್ನು ತೆಗೆಸಿ ಎಂದೇ ಹೇಳುತ್ತೇನೆ. ಸೆಲ್ಫ್ ಮೋಟರಿನದ್ದನ್ನು ಬಿಟ್ಟು ಗಾಡಿಯ ಹೆಚ್ಚುಕಡಿಮೆ ಎಲ್ಲ ಕರೆಂಟೂ ಅದರ ಮೂಲಕ ಹಾದುಹೋಗುತ್ತದೆ. ಡೈನಮೋ ಕಾಲದಲ್ಲಿ 30 ಆಂಪಿಯರ್ ಮೀಟರ್ ಸಾಕಾಗುತ್ತಿತ್ತು. ಈಗ ಅದೇ ಗಾಡಿಗೆ ದೊಡ್ಡ ಆಲ್ಟರ್ನೇಟರ್, ಹೆಚ್ಚು ಬೆಳಕಿನ ದೀಪ, ಫೋನ್ ಚಾರ್ಜರ್ ಎಲ್ಲ ಸೇರಿರುತ್ತವೆ. ಹಿಂಬದಿಯ ನಟ್ಟು ಸ್ವಲ್ಪ ಸಡಿಲವಾದರೂ ಅಲ್ಲಿ ಕಾವು ಹುಟ್ಟುತ್ತದೆ, ಸಾಮಾನ್ಯವಾಗಿ ಆ ತಂತಿಗೆ ಫ್ಯೂಸ್ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ ಹತ್ತಲು ಇಷ್ಟು ಸಾಕು.

ಬದಲಿಸುವ ಕೆಲಸ ಕಷ್ಟದ್ದಲ್ಲ. ಬ್ಯಾಟರಿ ಬಿಚ್ಚಿ, ಆಂಪ್ ಮೀಟರಿನ ಎರಡು ದಪ್ಪ ತಂತಿಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದು, ಹೊರಗೆ ಭದ್ರವಾಗಿ ಇನ್ಸುಲೇಷನ್ ಕೂರಿಸಿ ಮುಚ್ಚಬೇಕು. ಅದೇ ತೂತಿನಲ್ಲಿ ವೋಲ್ಟ್ ಮೀಟರ್ ಕೂರಿಸಿ, ಕೀಲಿಯ ನಂತರದ ಜಾಗದಿಂದ 1ರಿಂದ 3 ಆಂಪಿಯರ್ ಫ್ಯೂಸಿನ ಮೂಲಕ ತೆಳು ತಂತಿ ಕೊಟ್ಟರಾಯಿತು. ಆಂಪ್ ಮೀಟರಿನ ದಪ್ಪ ತಂತಿಗಳನ್ನೇ ತಂದು ವೋಲ್ಟ್ ಮೀಟರಿನ ಎರಡು ಬದಿಗೆ ಸಿಕ್ಕಿಸಿದರೆ ಗಾಡಿಯ ವಿದ್ಯುತ್ ದಾರಿಯೇ ತುಂಡಾಗುತ್ತದೆ.

ಸ್ಪೀಡೋ, ಟ್ಯಾಕೋ

ವೇಗದ ಮೀಟರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ, ಹಾಗಾಗಿ ಕೆಟ್ಟದ್ದನ್ನು ಹಾಗೇ ಬಿಡುವಂತಿಲ್ಲ. ಕೇಬಲ್ ಮಾದರಿಯಲ್ಲಿ ನೋಡಬೇಕಾದದ್ದು ಕೇಬಲ್ ಕಿಲೋಮೀಟರಿಗೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು. ಜಪಾನಿನ ರೂಢಿಯಲ್ಲಿ ಕಿಲೋಮೀಟರಿಗೆ 637, ಅಮೆರಿಕದಲ್ಲಿ ಮೈಲಿಗೆ 1000, ಅಂದರೆ ಕಿಲೋಮೀಟರಿಗೆ ಸುಮಾರು 621. ಹಲವು ಡಯಲುಗಳ ಮೇಲೆ ಈ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಗಾಡಿಯ ಲೆಕ್ಕ ಗೊತ್ತಿಲ್ಲದಿದ್ದರೆ ಕೇಬಲನ್ನು ಮೀಟರಿನಿಂದ ಬಿಚ್ಚಿ, ತುದಿಗೆ ಟೇಪಿನ ಬಾವುಟ ಅಂಟಿಸಿ, ಸಮನೆಲದಲ್ಲಿ 20 ಮೀಟರ್ ತಳ್ಳಿ ಸುತ್ತುಗಳನ್ನು ಎಣಿಸಿ 50ರಿಂದ ಗುಣಿಸಿದರೆ ಸಾಕು. ದೊಡ್ಡ ಟಯರ್ ಹಾಕಿಸಿದ ಜೀಪಿನಲ್ಲಿ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದನ್ನೂ ಮರೆಯಬಾರದು.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಹಳೆಯ ಡೀಸೆಲ್ಲಿಗೆ ಅನಗತ್ಯ. ಪೆಟ್ರೋಲ್ ಗಾಡಿಯ ಟ್ಯಾಕೋ ಇಗ್ನಿಷನ್ ಕಾಯಿಲಿನಿಂದ ಎಣಿಸುತ್ತದೆ, ಡೀಸೆಲ್ಲಿನಲ್ಲಿ ಕಾಯಿಲೇ ಇಲ್ಲ. ಬೇಕೇ ಬೇಕೆಂದರೆ ಆಲ್ಟರ್ನೇಟರಿನ ಡಬ್ಲ್ಯು ಟರ್ಮಿನಲ್ಲಿನಿಂದ ಓದುವ, ಪುಲ್ಲಿ ಅಳತೆಗೆ ಹೊಂದಿಸಬಲ್ಲ ಮಾದರಿ ತರಬೇಕು.

ಎಲ್ಲಿ ಕೊಳ್ಳುವುದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಮೀಟರುಗಳೂ ಶಿವಾಜಿನಗರದ ಗುಜರಿಯಲ್ಲಿ ಹಳೆಯವೂ ಸಿಗುತ್ತವೆ. ಕೊಯಮತ್ತೂರಿನ ಪ್ರಿಕಾಲ್ ಸೇರಿದಂತೆ ಭಾರತದ ತಯಾರಕರು ದಶಕಗಳಿಂದ ಗಾಡಿ ಕಂಪನಿಗಳಿಗೆ ಮೀಟರ್ ಮಾಡಿಕೊಡುತ್ತಿದ್ದಾರೆ. ಅವರ ಬಿಡಿ ಮೀಟರುಗಳು ಹೊರದೇಶದ ಹೊಳೆಯುವ ಸೆಟ್ಟುಗಳಷ್ಟು ಚೆಂದ ಕಾಣದಿರಬಹುದು, ಸೆನ್ಸರ್ ಮಾತ್ರ ಬಿಡಿಯಾಗಿ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸುವುದು ತಾಲ್ಲೂಕು ಕೇಂದ್ರದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಹಳೆಯ ಮಾದರಿಯ ಟ್ರ್ಯಾಕ್ಟರುಗಳಿಗೆಂದು ಮಾಡಿದ ಮೆಕ್ಯಾನಿಕಲ್ ಟೆಂಪರೇಚರ್ ಮೀಟರ್ ಮಳೆ, ಧೂಳು, ನಡುಕ ಎಲ್ಲಕ್ಕೂ ಒಗ್ಗಿದ್ದು, ಬೆಲೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ, ಕೆಟ್ಟರೆ ಮರುದಿನವೇ ಇನ್ನೊಂದು ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗಿಯೇ ಇರುವ ತೆರೆದ ಜೀಪಿಗೆ ಇದಕ್ಕಿಂತ ಹೊಂದುವಂಥದ್ದು ಇಲ್ಲ. ಬಲ್ಬಿನ ಗಾತ್ರ, ನಟ್ಟಿನ ಥ್ರೆಡ್, ಕೊಳವೆಯ ಉದ್ದ ಮೂರನ್ನೂ ಅಂಗಡಿಯಲ್ಲೇ ತಾಳೆ ನೋಡಬೇಕು. ಲಾರಿ ಬಿಡಿಭಾಗದ ಅಂಗಡಿಗೆ ಹೋದರೆ ಮಾತ್ರ ಎಚ್ಚರ, ಅಲ್ಲಿಯ ವಿದ್ಯುತ್ ಮೀಟರುಗಳು ಬಹುತೇಕ 24 ವೋಲ್ಟಿನವು.

ಮೂರೂ ಅಳತೆಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಡಿಜಿಟಲ್ ಮೀಟರ್ ಮುಚ್ಚಿದ ಕಾರಿಗೆ ಆದೀತು. ಬಿಸಿಲಿನಲ್ಲಿ ಅದರ ಅಂಕಿ ಕಾಣುವುದಿಲ್ಲ, ನೀರು ಬಿದ್ದರೆ ಒಟ್ಟಿಗೇ ಮೂರೂ ಹೋಗುತ್ತವೆ. ಗಾತ್ರದಲ್ಲಿ 52 ಮಿಲಿಮೀಟರಿನದ್ದು ಎಲ್ಲೆಡೆ ಸಿಗುವ ಅಳತೆ. ಹೊಸ ತೂತು ಕೊರೆಯುವ ಬದಲು ಡ್ಯಾಶ್‌ಬೋರ್ಡಿನ ಕೆಳಗೆ ಮೂರು ತೂತಿನ ತಗಡಿನ ಪಟ್ಟಿಯನ್ನು ಎರಡು ಸ್ಕ್ರೂಗಳಲ್ಲಿ ಕಚ್ಚಿಸಿ. 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಸಿಗುವಂತೆ 2021ರಲ್ಲಿ ಕೇಂದ್ರ ನಿಯಮ ಬಂದಿದೆ. ಅಂಥ ವಯಸ್ಸಿನ ಹತ್ತಿರವಿರುವ ಗಾಡಿಯ ಡ್ಯಾಶ್‌ಬೋರ್ಡನ್ನು ಹೋಲ್ ಸಾದಿಂದ ಕೊರೆದು ಕೆಡಿಸುವುದನ್ನು ನೋಡಲು ನನ್ನಿಂದಾಗದು.

ಮೀಟರ್ ಕುಳಿತ ಮೇಲೆ ಮೊದಲ ಕೆಲವು ವಾರ ಅದನ್ನು ಕಲಿಯುವ ಕಾಲ. ಬೆಳಗ್ಗೆ ತಣ್ಣಗೆ ಶುರು ಮಾಡಿದಾಗ ಆಯಿಲ್ ಒತ್ತಡ ಎಷ್ಟು, ಬಿಸಿಯಾಗಿ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಎಷ್ಟು, ಹೊರೆ ಹೇರಿ ಏರು ಹತ್ತಿದಾಗ ಟೆಂಪರೇಚರ್ ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟು, ಮಾಮೂಲಿ ಜಾಗಕ್ಕೆ ಗಾಜಿನ ಮೇಲೆ ಬಣ್ಣದ ಚುಕ್ಕೆ ಇಡಿ. ಓಡುವಾಗ ಸಾವಿರ ಆರ್‌ಪಿಎಂಗೆ 10 ಪಿಎಸ್ಐ ಇರಬೇಕೆಂಬುದು ಹಳೆಯ ಎಂಜಿನ್ನುಗಳ ಒರಟು ಲೆಕ್ಕ. ಅದಕ್ಕಿಂತ ನಿಮ್ಮ ಗಾಡಿಯ ಸ್ವಂತ ಅಂಕಿ ಹೆಚ್ಚು ಬೆಲೆಯದ್ದು. ಬಿಸಿ ಐಡ್ಲಿಂಗಿನಲ್ಲಿ ಸದಾ 20 ಇದ್ದದ್ದು ಕೆಲವೇ ತಿಂಗಳಲ್ಲಿ 12ಕ್ಕೆ ಇಳಿದರೆ ಆಯಿಲ್ ಬದಲಿಸಿ ನೋಡಿ, ಆಗಲೂ ಏಳದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಟೆಂಪರೇಚರಿನಲ್ಲಿ ಮಾತ್ರ ಮುಳ್ಳು ಇಳಿದರೂ ಹೆದರಬೇಕಾದ ಸಂದರ್ಭವೊಂದಿದೆ. ಹೋಸ್ ಒಡೆದು ನೀರೆಲ್ಲ ಸೋರಿಹೋದರೆ ಸೆನ್ಸರ್ ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ನಿಂತಿರುತ್ತದೆ, ಕಾದು ಸುಡುತ್ತಿರುವ ಎಂಜಿನ್ನಿನ ಮೀಟರ್ 70 ತೋರಿಸಬಹುದು. ಏರು ಹತ್ತುತ್ತಿರುವಾಗ 95ರಲ್ಲಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಕೆಳಗಿಳಿದರೆ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ರೇಡಿಯೇಟರ್ ಕ್ಯಾಪನ್ನು ಮುಟ್ಟದೆ ಅರ್ಧ ಗಂಟೆಯಾದರೂ ತಣಿಯಲು ಬಿಟ್ಟು, ಆಮೇಲೆ ನೀರು ನೋಡಿ.